ಲೋಟ ಯಾರ ಕೈಯಲ್ಲಿರಬೇಕು?

ಒಳಗೆ ಬರುವಾಗ ನಿಮ್ಮೆಲ್ಲರ ಕೈಗೂ ಒಂದೊಂದು ಓಆರ್‌ಎಸ್ ಪೊಟ್ಟಣ ಕೊಟ್ಟಿದ್ದೇವೆ, ಭೇದಿಯಾದಾಗ ನೀರಿಗೆ ಕಲಸಿ ಕುಡಿಸುವ ಪುಡಿ. ಅದನ್ನು ಒಮ್ಮೆ ತಿರುಗಿಸಿ, ಹಿಂದೆ ಬರೆದಿರುವುದನ್ನು ಓದಿ. ಸಣ್ಣ ಅಕ್ಷರ, ಗೊತ್ತು. ಎಷ್ಟು ನೀರಿಗೆ ಹಾಕಬೇಕು ಅಂತ ಇದೆ? ಒಂದು ಲೀಟರ್. ಸರಿ. ಈಗ ಕಣ್ಣು ಮುಚ್ಚಿಕೊಂಡು ಇದನ್ನು ಯೋಚಿಸಿ. ನಿಮ್ಮ ಮನೆಗೆ ಹೊಳೆ ನೀರು ನುಗ್ಗಿದೆ. ಉಟ್ಟ ಬಟ್ಟೆಯಲ್ಲಿ ಬಂದು ಶಾಲೆಯ ಕೋಣೆಯಲ್ಲಿ ಕೂತಿದ್ದೀರಿ. ಪಾತ್ರೆ ಪಗಡ ಎಲ್ಲಾ ಹೋಗಿದೆ. ಅಕ್ಷರ ಓದಲು ಬರಲ್ಲ. ಒಂದು ಲೀಟರ್ ಅನ್ನುವುದನ್ನು ಯಾವುದರಲ್ಲಿ ಅಳೆಯುತ್ತೀರಿ?

ಈ ಪ್ರಶ್ನೆ 2019ರ ಆಗಸ್ಟ್‌ವರೆಗೂ ನನ್ನ ತಲೆಗೆ ಬಂದೇ ಇರಲಿಲ್ಲ. ಆ ವರ್ಷ ಮಲಪ್ರಭಾ ಉಕ್ಕಿದ್ದು ನಿಮಗೆ ನೆನಪಿರಬಹುದು, ಪಟ್ಟದಕಲ್ಲಿನ ಗುಡಿಗಳ ಸುತ್ತ ನೀರು ನಿಂತಿದ್ದ ಫೋಟೋ ಎಲ್ಲಾ ಪತ್ರಿಕೆಗಳಲ್ಲೂ ಬಂದಿತ್ತು. ನಾನು ಬಾಗಲಕೋಟೆ ಜಿಲ್ಲೆಯ ಒಂದು ಊರಿನ ಪರಿಹಾರ ಕೇಂದ್ರದಲ್ಲಿದ್ದೆ. ಈಗ ಅದಕ್ಕೆ ಕಾಳಜಿ ಕೇಂದ್ರ ಅಂತಾರೆ, ಹಳಬರ ಬಾಯಲ್ಲಿ ಅದು ಗಂಜಿ ಕೇಂದ್ರ. ನಾವು ತಂದ ಕಿಟ್ಟಿನಲ್ಲಿ ಚಾಪೆ, ಬಿಸ್ಕತ್ತು, ಸೋಪು, ಮೇಣದ ಬತ್ತಿ ಜೊತೆಗೆ ನಾಲ್ಕು ಓಆರ್‌ಎಸ್ ಪೊಟ್ಟಣ ಇದ್ದವು. ಸಾಲಾಗಿ ನಿಲ್ಲಿಸಿ ಹಂಚಿದೆವು. ಪಟ್ಟಿಯಲ್ಲಿ ಸಹಿ ಹಾಕಿಸಿಕೊಂಡೆವು, ಹೆಬ್ಬೆಟ್ಟು ಒತ್ತಿಸಿಕೊಂಡೆವು. ಸಂಜೆಗೆ ಎಷ್ಟು ಕಿಟ್ ಹೋಯಿತು ಅಂತ ಲೆಕ್ಕ ಹಾಕಿ ಬೆಂಗಳೂರಿಗೆ ವಾಟ್ಸಾಪ್ ಮಾಡಿದೆವು. ಆವತ್ತು ಒಳ್ಳೆ ಕೆಲಸ ಆಯಿತು ಅಂತಲೇ ನಾನು ಮಲಗಿದ್ದು.

ಮೂರನೇ ದಿನ ಬೆಳಗ್ಗೆ ಒಬ್ಬ ತಾಯಿ ಬಂದರು. ಸೊಂಟದ ಮೇಲೆ ಎರಡು ವರ್ಷದ ಹುಡುಗಿ. ರಾತ್ರಿಯಿಂದ ಭೇದಿ. "ಅಕ್ಕಾರ, ನೀವು ಕೊಟ್ಟ ಪುಡಿ ಕಲಸೀನಿ. ಕೂಸು ಕುಡೀವಲ್ದು ನೋಡ್ರಿ. ಬಾಟ್ಲಿ ಹಚ್ಚಿಸಿಬಿಡ್ರಿ" ಅಂದರು. ಕೈಯಲ್ಲಿ ಒಂದು ಸ್ಟೀಲ್ ಲೋಟ. ನಾನು ಆ ಲೋಟದಲ್ಲಿದ್ದುದನ್ನು ಬೆರಳಲ್ಲಿ ಅದ್ದಿ ನಾಲಿಗೆಗೆ ಹಚ್ಚಿಕೊಂಡೆ. ಸಮುದ್ರದ ನೀರಿನ ಹಾಗೆ ಉಪ್ಪುಪ್ಪು. ಒಂದು ಲೀಟರಿಗೆ ಹಾಕಬೇಕಾದ ಇಡೀ ಪೊಟ್ಟಣವನ್ನು ಅವರು ಒಂದೇ ಲೋಟಕ್ಕೆ ಹಾಕಿದ್ದರು. ಮಗು ಕುಡಿಯದೆ ಹಟ ಮಾಡಿದ್ದೇ ಒಳ್ಳೆಯದಾಯಿತು. ಅಷ್ಟು ಗಟ್ಟಿ ಉಪ್ಪು ನೀರು ಭೇದಿಯಾಗುತ್ತಿರುವ ಮಗುವಿನ ಹೊಟ್ಟೆಗೆ ಹೋದರೆ ರಕ್ತದಲ್ಲಿ ಉಪ್ಪಿನ ಅಂಶ ಏರುತ್ತದೆ, ಫಿಟ್ಸ್ ಕೂಡ ಬರಬಹುದು.

ಆ ತಾಯಿಯದೇನೂ ತಪ್ಪಿಲ್ಲ. ಔಷಧಿ ಪುಡಿ ಅಂದ ಮೇಲೆ ಲೋಟಕ್ಕೆ ಹಾಕಿ ಕಲಸಬೇಕು ಅಂತ ಯಾರಿಗಾದರೂ ಅನಿಸುತ್ತದೆ ಅಲ್ವಾ? ಅವರ ಹತ್ತಿರ ಇದ್ದದ್ದೇ ಆ ಒಂದು ಲೋಟ. ಹೇಳಿಕೊಡಬೇಕಾದವಳು ನಾನು. ನಾನು ಸಹಿ ತಗೊಂಡು ಮುಂದಿನವರನ್ನು ಕರೆದಿದ್ದೆ.

ಮಗುವನ್ನು ಹತ್ತಿರದ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದೆವು. ಅಲ್ಲಿದ್ದ ಸಿಸ್ಟರ್ ಮಗುವಿನ ಹೊಟ್ಟೆಯ ಚರ್ಮ ಎಳೆದು ಬಿಟ್ಟು ನೋಡಿದರು, ಬಾಯಿ ನೋಡಿದರು, ಸಲೈನ್ ಬೇಡ ಅಂದರು. ಒಂದು ಲೀಟರಿನ ನೀರಿನ ಬಾಟಲಿಯಲ್ಲಿ ಸರಿಯಾಗಿ ಕಲಸಿ, ಒಂದು ಚಮಚ ಕೊಟ್ಟು ತಾಯಿಯನ್ನೇ ಕೂರಿಸಿ ಕುಡಿಸಲು ಹೇಳಿದರು. ವಾಂತಿ ಮಾಡಿದರೆ ಹತ್ತು ನಿಮಿಷ ಬಿಟ್ಟು ಮತ್ತೆ ಶುರು ಮಾಡಿ, ಇನ್ನೂ ನಿಧಾನಕ್ಕೆ ಕೊಡಿ ಅಂದರು. ಮಧ್ಯಾಹ್ನದ ಹೊತ್ತಿಗೆ ಆ ಹುಡುಗಿ ಅಮ್ಮನ ಬಳೆ ಹಿಡಿದು ಆಡುತ್ತಿದ್ದಳು.

ಆ ವಾರ ಮನೆಗೆ ಬಂದ ಮೇಲೆ ನಾನು ಹುಡುಕಿ ಹುಡುಕಿ ಓದಿದ್ದು ಒಬ್ಬ ಡಾಕ್ಟರ ಬಗ್ಗೆ. ಅವರ ಬಗ್ಗೆ ಹೇಳೋಕೇ ಇವತ್ತು ಬಂದಿದ್ದೇನೆ. ಅವರ ಹೆಸರು ದಿಲೀಪ್ ಮಹಲನಬಿಸ್. ಎಷ್ಟು ಜನ ಕೇಳಿದ್ದೀರಿ? ಮೂರು ಕೈ. 2023ರಲ್ಲಿ ಇವರಿಗೆ ಪದ್ಮವಿಭೂಷಣ ಬಂತು. ಅದೇ ಪಟ್ಟಿಯಲ್ಲಿ ನಮ್ಮ ಎಸ್.ಎಂ. ಕೃಷ್ಣ ಅವರ ಹೆಸರಿತ್ತು, ತಬಲಾ ಜಾಕಿರ್ ಹುಸೇನ್ ಅವರ ಹೆಸರಿತ್ತು, ಹಾಗಾಗಿ ನಮ್ಮ ಕಣ್ಣು ಅಲ್ಲೇ ನಿಂತಿತು. ಮಹಲನಬಿಸ್ ಅದನ್ನು ನೋಡಲು ಬದುಕಿರಲಿಲ್ಲ. 2022ರ ಅಕ್ಟೋಬರ್‌ನಲ್ಲಿ, 87ನೇ ವಯಸ್ಸಿನಲ್ಲಿ ಕೋಲ್ಕತ್ತದಲ್ಲಿ ತೀರಿಕೊಂಡಿದ್ದರು.

ಅವರು ಹುಟ್ಟಿದ್ದು 1934ರಲ್ಲಿ, ಈಗಿನ ಬಾಂಗ್ಲಾದೇಶದ ಕಿಶೋರ್‌ಗಂಜ್‌ನಲ್ಲಿ. ಕಲ್ಕತ್ತಾ ಮೆಡಿಕಲ್ ಕಾಲೇಜಿನಲ್ಲಿ ಓದಿದರು. ಮಕ್ಕಳ ಡಾಕ್ಟರ್. ಲಂಡನ್‌ನಲ್ಲಿ ಕೆಲಸದಲ್ಲಿದ್ದವರು ಅದನ್ನು ಬಿಟ್ಟು, 1960ರ ದಶಕದಲ್ಲಿ ವಾಪಸ್ ಕಲ್ಕತ್ತಾಕ್ಕೆ ಬಂದು ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯ ಅಲ್ಲಿ ನಡೆಸುತ್ತಿದ್ದ ಸಂಶೋಧನಾ ಕೇಂದ್ರ ಸೇರಿಕೊಂಡರು. ಅಲ್ಲಿ ಕಾಲರಾ ಮೇಲೆ ಕೆಲಸ.

ಆಮೇಲೆ 1971 ಬಂತು. ಮಾರ್ಚ್ ಕೊನೆಗೆ ಪೂರ್ವ ಪಾಕಿಸ್ತಾನದಲ್ಲಿ ಸೇನೆಯ ದಾಳಿ ಶುರುವಾಯಿತು, ಜನ ಗಡಿ ದಾಟಿ ಬರತೊಡಗಿದರು. ವರ್ಷದ ಕೊನೆಗೆ ಸುಮಾರು 1 ಕೋಟಿ ಜನ. ಇದೆಲ್ಲಾ ದೂರದ ಕತೆ ಅನಿಸಬಹುದು. ಆದರೆ ನಮ್ಮ ಸಿಂಧನೂರಿನ ಆರ್‌ಎಚ್ ಕ್ಯಾಂಪ್‌ಗಳಿಗೆ, ಅಂದರೆ ಪುನರ್ವಸತಿ ಕ್ಯಾಂಪ್‌ಗಳಿಗೆ, ಹೋಗಿದ್ದೀರಾ? ಅಲ್ಲಿ ಇವತ್ತಿಗೂ ಮನೆಯೊಳಗೆ ಬಂಗಾಳಿ ಮಾತಾಡುತ್ತಾರೆ. ಪೂರ್ವ ಪಾಕಿಸ್ತಾನ ಬಿಟ್ಟು ಬಂದ ಕುಟುಂಬಗಳು ಅವು, ಸರ್ಕಾರ ತಂದು ನೆಲೆ ನಿಲ್ಲಿಸಿದ್ದು. ಮಕ್ಕಳನ್ನು ಎತ್ತಿಕೊಂಡು ಗಡಿ ದಾಟುವುದು ಅಂದರೆ ಏನು ಅಂತ ಕೇಳಬೇಕಾದರೆ ನಾವು ರಾಯಚೂರು ಜಿಲ್ಲೆ ದಾಟಿ ಹೋಗಬೇಕಾಗಿಲ್ಲ.

1971ಕ್ಕೆ ವಾಪಸ್ ಬರೋಣ. ಮಳೆಗಾಲ ಹಿಡಿಯಿತು. ಕೆಸರು, ಗುಡಿಸಲು, ಕುಡಿಯುವ ನೀರಿಗೆ ಹೊಲಸು ಸೇರುವ ಪರಿಸ್ಥಿತಿ. ಕಾಲರಾ ಹರಡಿತು. ಕಾಲರಾ ಅಂದರೆ ನಾವು ನೋಡುವ ಸಾಮಾನ್ಯ ವಾಂತಿಭೇದಿ ಥರ ಅಂದುಕೊಳ್ಳಬೇಡಿ. ಜೋರಾಗಿ ಬಂದರೆ ಗಂಟೆಗೆ ಒಂದು ಲೀಟರಿನಷ್ಟು ನೀರು ಮೈಯಿಂದ ಹೋಗುತ್ತದೆ. ಬೆಳಗ್ಗೆ ಗಟ್ಟಿಮುಟ್ಟಾಗಿದ್ದವನು ಸಂಜೆಗೆ ಇಲ್ಲ. ಕಾರಣ ಇಷ್ಟೇ, ಮೈಯಲ್ಲಿ ನೀರು ಉಳಿದಿಲ್ಲ. ಹೋದಷ್ಟು ನೀರನ್ನು ವಾಪಸ್ ಹಾಕಿದರೆ ಮನುಷ್ಯ ಬದುಕುತ್ತಾನೆ. ಆಗ ಎಲ್ಲರೂ ನಂಬಿದ್ದ ದಾರಿ ಒಂದೇ, ಸೂಜಿ ಚುಚ್ಚಿ ರಕ್ತನಾಳಕ್ಕೆ ಸಲೈನ್ ಹಾಕುವುದು.

ಮಹಲನಬಿಸ್ ಜೂನ್ ಕೊನೆಯಲ್ಲಿ ಬನಗಾಂವ್‌ಗೆ ಹೋದರು. ಕಲ್ಕತ್ತಾದಿಂದ ಗಡಿಯ ಕಡೆಗೆ ಎಪ್ಪತ್ತೆಂಬತ್ತು ಕಿಲೋಮೀಟರ್. ಅಲ್ಲಿನ ಆಸ್ಪತ್ರೆಯಲ್ಲಿ ಕಾಲರಾಕ್ಕೆ ಅಂತ ಎರಡು ಕೋಣೆ. ಎರಡರಲ್ಲೂ ನೆಲದ ತುಂಬಾ ರೋಗಿಗಳು. ಒಬ್ಬರಿಗೆ ಸಲೈನ್ ಹಾಕಬೇಕಾದರೆ ಅವರ ವಾಂತಿ, ಮಲದ ಮೇಲೆಯೇ ಮೊಣಕಾಲೂರಿ ಕೂರಬೇಕಿತ್ತು ಅಂತ ಅವರೇ ಮುಂದೆ ಹೇಳಿಕೊಂಡಿದ್ದಾರೆ. ಅವರ ತಂಡದಲ್ಲಿ ಸೂಜಿ ಹಾಕಲು ಸರಿಯಾಗಿ ಕಲಿತಿದ್ದವರು ಇಬ್ಬರೇ. ಸಲೈನ್ ಬಾಟಲಿ ಮುಗಿಯುತ್ತಾ ಬಂದಿತ್ತು. ಹೋಗಿ ಎರಡು ದಿನ ಆಗುವಷ್ಟರಲ್ಲಿ ಅವರಿಗೆ ಗೊತ್ತಾಯಿತು, ಹೀಗೇ ಮುಂದುವರಿದರೆ ಸೋಲು ಖಂಡಿತ.

ನಾವೂ ಇಂಥ ಕಡೆ ನಿಂತಿದ್ದೇವೆ, ಸಣ್ಣ ಪ್ರಮಾಣದಲ್ಲಾದರೂ. ಸಾಮಾನು ಸಾಲದು, ಜನ ಜಾಸ್ತಿ. ಆಗ ನಾವು ಏನು ಮಾಡುತ್ತೇವೆ? ಫೋನ್ ತೆಗೆದು ಇನ್ನಷ್ಟು ಸಾಮಾನು ಕಳಿಸಿ ಅಂತೀವಿ. ಕೇಳಬೇಕು, ತಪ್ಪೇನಿಲ್ಲ. ಆದರೆ ಅದು ಬರುವ ತನಕ?

ಅವರಿಗೆ ಒಂದು ವಿಷಯ ಗೊತ್ತಿತ್ತು. ಉಪ್ಪು ಮತ್ತು ಗ್ಲೂಕೋಸ್ ಸೇರಿಸಿದ ನೀರನ್ನು ಬಾಯಿಂದ ಕುಡಿಸಿದರೆ ಕಾಲರಾ ರೋಗಿಯ ಕರುಳು ಅದನ್ನು ಹೀರಿಕೊಳ್ಳುತ್ತದೆ. ಇದು ಅವರ ಸ್ವಂತ ಆವಿಷ್ಕಾರ ಅಲ್ಲ, ಅವರೂ ಹಾಗೆ ಹೇಳಿಕೊಳ್ಳಲಿಲ್ಲ. ಕಲ್ಕತ್ತಾದ ಹೇಮೇಂದ್ರನಾಥ್ ಚಟರ್ಜಿ ಅನ್ನುವ ಡಾಕ್ಟರ್ 1953ರಲ್ಲೇ ಬಾಯಿಂದ ಕುಡಿಸಿ ಕಾಲರಾ ವಾಸಿ ಮಾಡಿದ್ದನ್ನು ಬರೆದಿದ್ದರು. 1968ರಲ್ಲಿ ಢಾಕಾದಲ್ಲಿ ಡೇವಿಡ್ ನಲಿನ್, ರಿಚರ್ಡ್ ಕ್ಯಾಶ್ ಇದನ್ನು ಅಳತೆ ಹಿಡಿದು ತೋರಿಸಿಕೊಟ್ಟಿದ್ದರು. ಒಳಗೆ ನಡೆಯುವುದು ಇಷ್ಟು: ಬರೀ ಉಪ್ಪು ನೀರು ಕುಡಿಸಿದರೆ ಭೇದಿ ಹಿಡಿದ ಕರುಳು ಅದನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಗ್ಲೂಕೋಸ್‌ಗೆ ಮಾತ್ರ ಬಾಗಿಲು ತೆರೆದೇ ಇರುತ್ತದೆ, ಕಾಲರಾ ಕೂಡ ಆ ಬಾಗಿಲು ಮುಚ್ಚಲಾರದು. ಗ್ಲೂಕೋಸ್ ಒಳಗೆ ಹೋಗುವಾಗ ಉಪ್ಪಿನ ಕೈ ಹಿಡಿದುಕೊಂಡು ಹೋಗುತ್ತದೆ. ಉಪ್ಪಿನ ಹಿಂದೆ ನೀರು ಹೋಗುತ್ತದೆ. ಅದಕ್ಕೇ ಎರಡೂ ಬೇಕು, ಅದೂ ಲೆಕ್ಕದಲ್ಲಿ ಬೇಕು. ರುಚಿಗೆ ಅಂತ ಯಾರಾದರೂ ಸಕ್ಕರೆ ಜಾಸ್ತಿ ಸುರಿದರೆ ಭೇದಿ ಹೆಚ್ಚುತ್ತದೆ.

ಆದರೆ ಅಲ್ಲಿಯವರೆಗೆ ಇದು ನಡೆದದ್ದು ಆಸ್ಪತ್ರೆಯ ವಾರ್ಡಿನಲ್ಲಿ. ಪಕ್ಕದಲ್ಲಿ ನರ್ಸ್, ಒಳಗೆ ಹೋದ ನೀರು ಹೊರಗೆ ಬಂದ ನೀರು ಎರಡಕ್ಕೂ ಲೆಕ್ಕ. ಕೆಸರಿನ ಶಿಬಿರದಲ್ಲಿ, ಓದು ಬಾರದ ನೆಂಟರ ಕೈಯಲ್ಲಿ ಇದು ನಡೆಯುತ್ತದೆ ಅಂತ ಯಾರಿಗೂ ಧೈರ್ಯ ಇರಲಿಲ್ಲ. ಮಹಲನಬಿಸ್ ಆ ಧೈರ್ಯ ಮಾಡಿದರು. ಅದು ಕೆಲಸ ಮಾಡುತ್ತದೆ ಅಂತ ಅವರಿಗೂ ಖಾತ್ರಿ ಇರಲಿಲ್ಲ, ಬೇರೆ ದಾರಿ ಇರಲಿಲ್ಲ.

ಈಗ ಅವರು ಮಾಡಿದ್ದನ್ನು ನಿಧಾನಕ್ಕೆ ಹೇಳ್ತೀನಿ, ಯಾಕೆಂದರೆ ನಮಗೆ ಬೇಕಾಗಿರುವುದು ಇದೇ. ಒಂದು ಲೀಟರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಅಡುಗೆ ಉಪ್ಪು, 2.5 ಗ್ರಾಂ ಅಡುಗೆ ಸೋಡಾ. ಮೂರೂ ಪೇಟೆಯಲ್ಲಿ ಸಿಗುವಂಥವು. ಕಲ್ಕತ್ತಾದಲ್ಲಿ ಅವರ ಕೇಂದ್ರದ ಲೈಬ್ರರಿ ಕೋಣೆಯಲ್ಲಿ ತೂಕ ಮಾಡಿ ಪ್ಲಾಸ್ಟಿಕ್ ಚೀಲಕ್ಕೆ ತುಂಬಿದರು. ಚೀಲದ ಬಾಯಿಯನ್ನು ಬಟ್ಟೆ ಇಸ್ತ್ರಿ ಮಾಡುವ ಪೆಟ್ಟಿಗೆಯಿಂದ ಒತ್ತಿ ಮುಚ್ಚಿದರು. 4 ಲೀಟರಿಗೆ ಒಂದು ಚೀಲ, 16 ಲೀಟರಿಗೆ ಒಂದು ಚೀಲ. ಒಂದು ಲೀಟರಿಗೆ ಬಿದ್ದ ಖರ್ಚು 11 ಪೈಸೆ. ಶಿಬಿರದಲ್ಲಿ ಇದನ್ನು ಡ್ರಮ್ಮಿನ ನೀರಿಗೆ ಕಲಸಿದರು. ಡ್ರಮ್ಮಿಗೆ ಕೆಳಗೆ ನಲ್ಲಿ. ರೋಗಿಯ ಜೊತೆ ಬಂದವರಿಗೆ, ಅಂದರೆ ಅಮ್ಮನಿಗೋ ಅಣ್ಣನಿಗೋ, ಒಂದು ಲೋಟ ಕೊಟ್ಟು ಹೇಳಿದರು: ನಲ್ಲಿ ತಿರುಗಿಸಿ ಹಿಡಿ, ಕುಡಿಸು, ಮತ್ತೆ ಹಿಡಿ, ಕುಡಿಸುತ್ತಾ ಇರು.

ಸೂಜಿಯನ್ನು ಪೂರ್ತಿ ಬಿಡಲಿಲ್ಲ. ನಾಡಿ ಸಿಗದಷ್ಟು ಸೋತವರಿಗೆ, ಪ್ರಜ್ಞೆ ಇಲ್ಲದವರಿಗೆ ಮೊದಲು ಸಲೈನ್. ಚೇತರಿಸಿಕೊಂಡ ಕೂಡಲೇ ಅವರಿಗೂ ಲೋಟ. ಹಾಗಾಗಿ ಇದ್ದಷ್ಟು ಬಾಟಲಿ ನಿಜವಾಗಿ ಬೇಕಾದವರಿಗೆ ಉಳಿಯಿತು.

ಜನ ಒಪ್ಪಿದ್ದು ಹೇಗೆ? ಅದು ಸುಲಭದ ಮಾತಾಗಿರಲಿಲ್ಲ. ಭೇದಿ ಆಗುತ್ತಿರುವವರಿಗೆ ನೀರು ಕುಡಿಸಿದರೆ ಇನ್ನೂ ಜಾಸ್ತಿ ಆಗುತ್ತದೆ ಅನ್ನುವ ನಂಬಿಕೆ ಅಲ್ಲೂ ಇತ್ತು, ಇಲ್ಲೂ ಇದೆ. ನಮ್ಮ ಅಜ್ಜಿಯರು ಹೇಳೋದು ಕೇಳಿಲ್ವಾ? ಸಿಬ್ಬಂದಿಗೂ ಬಾಯಿಂದ ಕುಡಿಸುವುದು ಅಂದರೆ ಎರಡನೇ ದರ್ಜೆಯ ಚಿಕಿತ್ಸೆ ಅನ್ನುವ ಭಾವನೆ. ಇವರು ಅದನ್ನು ಬಾಯಿಂದ ಕುಡಿಯುವ ಸಲೈನ್ ಅಂತಲೇ ಕರೆದರು. ಸಲೈನ್ ಅನ್ನುವ ಪದಕ್ಕೆ ಮರ್ಯಾದೆ ಇತ್ತು, ಆ ಮರ್ಯಾದೆ ಲೋಟಕ್ಕೂ ಬಂತು. ಬಾಂಗ್ಲಾದೇಶದಲ್ಲಿ ಇವತ್ತಿಗೂ ಓಆರ್‌ಎಸ್‌ಗೆ ಖಾಬಾರ್ ಸ್ಯಾಲೈನ್ ಅಂತಾರೆ, ಕುಡಿಯುವ ಸಲೈನ್ ಅಂತ ಅರ್ಥ. ನನ್ನ ಕೇಂದ್ರದಲ್ಲಿ ಆ ತಾಯಿ "ಬಾಟ್ಲಿ ಹಚ್ಚಿಸಿಬಿಡ್ರಿ" ಅಂದಾಗ ನಾನು "ಇದೂ ಸಲೈನೇ ಕಣಮ್ಮಾ, ಬಾಯಿಂದ ಹಾಕೋ ಸಲೈನು" ಅಂದಿದ್ದರೆ ಸಾಕಿತ್ತು. ನಂತರದ ವರ್ಷಗಳಲ್ಲಿ ನಾನು ಹಾಗೇ ಹೇಳುತ್ತಾ ಬಂದಿದ್ದೇನೆ, ಜನ ತಕ್ಷಣ ಒಪ್ಪುತ್ತಾರೆ.

ಫಲ ಏನಾಯಿತು? ಸುಮಾರು ಎರಡು ತಿಂಗಳಲ್ಲಿ 3,700ಕ್ಕೂ ಹೆಚ್ಚು ರೋಗಿಗಳು. ಶಿಬಿರಗಳಲ್ಲಿ ಮೊದಲು ಕಾಲರಾ ಬಂದವರಲ್ಲಿ ನೂರಕ್ಕೆ 30ರ ಹತ್ತಿರ ಜನ ಸಾಯುತ್ತಿದ್ದರು. ಇವರಲ್ಲಿ ಅದು 3.6ಕ್ಕೆ ಇಳಿಯಿತು. ಈ 3.6 ಅನ್ನುವ ಸಂಖ್ಯೆ ನಮಗೆ ಗೊತ್ತಿರೋದು ಯಾಕೆ ಹೇಳಿ? ಅಂಥ ಗದ್ದಲದಲ್ಲೂ ಅವರು ಬರೆದಿಟ್ಟಿದ್ದರಿಂದ. ಬಂದವರು ಎಷ್ಟು, ಉಳಿದವರು ಎಷ್ಟು, ಹೋದವರು ಎಷ್ಟು. ನಾವೂ ಬರೆಯುತ್ತೇವೆ, ಆದರೆ ನಾವು ಬರೆಯುವುದು ಎಷ್ಟು ಕಿಟ್ ಹೋಯಿತು ಅಂತ. ಆ ಕಿಟ್ ತಗೊಂಡು ಹೋದವರಿಗೆ ಏನಾಯಿತು ಅನ್ನುವ ಕಾಲಮ್ಮು ನಮ್ಮ ಪಟ್ಟಿಯಲ್ಲಿ ಇಲ್ಲ. ನನ್ನ ಪಟ್ಟಿಯಲ್ಲೂ ಇರಲಿಲ್ಲ.

ಅವರು ಬರೆದ ಲೇಖನವನ್ನೂ ಕೂಡಲೇ ಯಾರೂ ಒಪ್ಪಲಿಲ್ಲ. 1973ರಲ್ಲಿ ಜಾನ್ಸ್ ಹಾಪ್ಕಿನ್ಸ್ ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚಾಯಿತು. ಬನಗಾಂವ್‌ಗೆ ಬಂದು ಕಣ್ಣಾರೆ ನೋಡಿದ್ದ ವಿಶ್ವ ಆರೋಗ್ಯ ಸಂಸ್ಥೆಯ ಧೀಮನ್ ಬರುವಾ ಅವರು ಇದರ ಪರವಾಗಿ ಗಟ್ಟಿಯಾಗಿ ನಿಂತರು. 1978ರಲ್ಲಿ ಲ್ಯಾನ್ಸೆಟ್ ಪತ್ರಿಕೆ ತನ್ನ ಸಂಪಾದಕೀಯದಲ್ಲಿ, ಇದು ಈ ಶತಮಾನದ ಅತಿ ಮುಖ್ಯ ವೈದ್ಯಕೀಯ ಮುನ್ನಡೆ ಆಗಬಹುದು ಅಂತ ಬರೆಯಿತು. ನಡುವೆ ಎಷ್ಟು ವರ್ಷ ಕಳೆಯಿತು ನೋಡಿ. ಅಷ್ಟೂ ವರ್ಷ ಮಕ್ಕಳು ಸಾಯುತ್ತಲೇ ಇದ್ದರು. ಇದನ್ನು ಹೇಳುವಾಗ ನನಗೆ ಈಗಲೂ ಸಂಕಟ ಆಗುತ್ತದೆ.

ನನಗೆ ಅವರಲ್ಲಿ ತುಂಬಾ ಹಿಡಿಸಿದ್ದು ಆ ಲೋಟ ಕೊಟ್ಟ ಘಳಿಗೆ. ಸೂಜಿ ಹಾಕುವುದನ್ನು ಕಲಿಯಲು ವರ್ಷಗಟ್ಟಲೆ ಓದಿದ ಡಾಕ್ಟರು. ಆ ಕೋಣೆಯಲ್ಲಿ ಅವರಷ್ಟು ತಿಳಿದವರು ಇನ್ನೊಬ್ಬರಿರಲಿಲ್ಲ. ಆದರೂ ಚಿಕಿತ್ಸೆಯನ್ನು ತನ್ನ ಕೈಯಿಂದ ತೆಗೆದು, ಹಿಂದಿನ ವಾರ ಮನೆ ಮಠ ಕಳಕೊಂಡು ಬಂದ ಹೆಂಗಸಿನ ಕೈಗೆ ಇಟ್ಟರು. ಈಕೆ ಮಾಡ್ತಾಳೆ ಅಂತ ನಂಬಿದರು. ನಂಬಲು ಬೇಕಾದ ತಯಾರಿಯನ್ನೂ ಮಾಡಿದ್ದರು, ಅದನ್ನು ಮರೆಯಬೇಡಿ: ಅಳತೆ ಮೊದಲೇ ಆಗಿತ್ತು, ಚೀಲ ಮುಚ್ಚಿತ್ತು, ಡ್ರಮ್ಮಿನಲ್ಲಿ ಕಲಸಿಯೂ ಆಗಿತ್ತು. ಆಕೆ ತಪ್ಪು ಮಾಡಲು ಜಾಗವೇ ಕಡಿಮೆ. ನಾನು ಹಂಚಿದ ಪೊಟ್ಟಣದಲ್ಲಿ ತಪ್ಪು ಮಾಡಲು ಬೇಕಾದಷ್ಟು ಜಾಗ ಇತ್ತು.

ಪರಿಹಾರ ಕೆಲಸದಲ್ಲಿ ನಾವು ಹಿಡಿದುಕೊಂಡು ಬಿಡಲಾರದ ಸೂಜಿಗಳು ಎಷ್ಟಿವೆ ಅಂತ ಯೋಚಿಸಿ. ಕಾಳಜಿ ಕೇಂದ್ರದಲ್ಲಿ ಇನ್ನೂರು ಜನ ಹೆಂಗಸರಿರುತ್ತಾರೆ, ಹುಟ್ಟಿದಾಗಿನಿಂದ ಅಡುಗೆ ಮಾಡಿದವರು, ಮದುವೆ ಮನೆಗೆ ರೊಟ್ಟಿ ಬಡಿದು ಕೊಟ್ಟವರು. ಅವರನ್ನು ಸಾಲಲ್ಲಿ ತಟ್ಟೆ ಹಿಡಿದು ನಿಲ್ಲಿಸಿ, ಬೆಂಗಳೂರಿನಿಂದ ಬಂದ ನಾವು ಪುಳಿಯೋಗರೆ ಬಡಿಸುತ್ತೇವೆ. ಬಾಗಲಕೋಟೆಯ ಆ ಕೇಂದ್ರದಲ್ಲಿ ಎರಡನೇ ದಿನಕ್ಕೇ ಅವರು "ನಮಗ ಹಿಟ್ಟು, ಹಂಚು ಕೊಡ್ರಿ, ನಾವಾ ಮಾಡ್ಕೋತೀವಿ" ಅಂತ ಕೇಳಿದ್ದರು. ನಾವು ಕೇಳಿಸಿಕೊಂಡದ್ದು ಐದನೇ ದಿನ. ಹಿಟ್ಟು ಕೊಟ್ಟ ಮೇಲೆ ಆ ಶಾಲೆಯ ಅಂಗಳದ ಚಹರೆಯೇ ಬದಲಾಯಿತು. ರೊಟ್ಟಿ ಬಡಿಯುವ ಸದ್ದಿನ ನಡುವೆ ಯಾರೋ ಹಾಡು ಶುರು ಮಾಡಿದರು. ಅದಕ್ಕೂ ಮೊದಲು ನಾಲ್ಕು ದಿನ ಆ ಹೆಂಗಸರು ಗೋಡೆಗೆ ಒರಗಿ ಸುಮ್ನೆ ಕೂತಿದ್ದರು.

ಬಾಂಗ್ಲಾದೇಶದಲ್ಲಿ ಈ ನಂಬಿಕೆಯನ್ನು ಇನ್ನೂ ಮುಂದೆ ತಗೊಂಡು ಹೋದರು. 1980ರಿಂದ ಹತ್ತು ವರ್ಷ ಬ್ರಾಕ್ ಅನ್ನುವ ಅಲ್ಲಿನ ಸ್ವಯಂಸೇವಾ ಸಂಸ್ಥೆಯ ಹೆಣ್ಣುಮಕ್ಕಳು ಮನೆ ಮನೆಗೆ ಹೋಗಿ, ಒಬ್ಬೊಬ್ಬ ತಾಯಿಯ ಎದುರೂ ಕೂತು ಕಲಿಸಿದರು. ಪೊಟ್ಟಣ ಇಲ್ಲ. ಮೂರು ಬೆರಳಿನ ಒಂದು ಚಿಟಿಕೆ ಉಪ್ಪು, ಒಂದು ಮುಷ್ಟಿ ಬೆಲ್ಲ, ಅರ್ಧ ಸೇರು ನೀರು. 1.2 ಕೋಟಿಗೂ ಹೆಚ್ಚು ಮನೆ. ಅಲ್ಲಿ ಒಂದು ಪದ್ಧತಿ ಇತ್ತು, ನನಗೆ ಬಹಳ ಇಷ್ಟವಾದದ್ದು. ಕಲಿಸಿ ಹೋದ ಮೇಲೆ ಬೇರೆ ತಂಡ ಬಂದು ಕೆಲವು ತಾಯಂದಿರನ್ನು ಪ್ರಶ್ನೆ ಕೇಳುತ್ತಿತ್ತು, ಕಲಸಿ ತೋರಿಸಲು ಹೇಳುತ್ತಿತ್ತು. ಆ ತಾಯಿಗೆ ಎಷ್ಟು ನೆನಪಿದೆ ಅನ್ನುವುದರ ಮೇಲೆ ಕಲಿಸಿದವಳ ಸಂಬಳ. ಎಷ್ಟು ಮನೆಗೆ ಹೋದೆ ಅಂತ ಯಾರೂ ಕೇಳುತ್ತಿರಲಿಲ್ಲ.

ಪೊಟ್ಟಣದ ಬಗ್ಗೆ ಇನ್ನೊಂದು ಮಾತು, ಇದು ಸ್ವಲ್ಪ ಬೇರೆ ವಿಷಯ ಆದರೂ ಹೇಳಲೇಬೇಕು. ಮೆಡಿಕಲ್ ಶಾಪಿನಲ್ಲಿ ಓಆರ್‌ಎಸ್ ಕೇಳಿದರೆ ರಟ್ಟಿನ ಡಬ್ಬಿಯ ಸಿಹಿ ಜ್ಯೂಸ್ ಕೊಡುತ್ತಿದ್ದರಲ್ಲ, ಹೆಸರಿನಲ್ಲಿ ಮಾತ್ರ ಓಆರ್‌ಎಸ್ ಅಂತ ಇದ್ದು ಒಳಗೆ ಸಕ್ಕರೆಯೇ ಜಾಸ್ತಿ ಇದ್ದದ್ದು. ಹೈದರಾಬಾದಿನ ಮಕ್ಕಳ ವೈದ್ಯೆಯೊಬ್ಬರು ವರ್ಷಗಟ್ಟಲೆ ಇದರ ವಿರುದ್ಧ ಹೋರಾಡಿದರು. 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ, ಅಂಥ ಪಾನೀಯಗಳ ಮೇಲೆ ಆ ಹೆಸರು ಹಾಕಬಾರದು ಅಂತ ಆದೇಶ ಮಾಡಿತು. ದಾನಿಗಳು ಪ್ರೀತಿಯಿಂದ ಕಳಿಸುವ ಸಾಮಾನಿನಲ್ಲಿ ಹಳೇ ಸ್ಟಾಕ್ ಬರಬಹುದು. ಎತ್ತಿ ಪಕ್ಕಕ್ಕಿಡಿ. ನಿಮ್ಮ ಕೈಯಲ್ಲಿರುವ ಪೊಟ್ಟಣದ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಅಂತ ಬರೆದಿದೆಯಾ ನೋಡಿ. ಇವತ್ತಿನ ಸೂತ್ರ ಬನಗಾಂವ್‌ದಲ್ಲ. 2002ರಲ್ಲಿ ಉಪ್ಪು, ಗ್ಲೂಕೋಸ್ ಎರಡನ್ನೂ ಸ್ವಲ್ಪ ಇಳಿಸಿದ್ದಾರೆ.

ಮಹಲನಬಿಸ್ ಆಮೇಲೆ ವಿಶ್ವ ಆರೋಗ್ಯ ಸಂಸ್ಥೆಯಲ್ಲಿ, ಢಾಕಾದ ಸಂಶೋಧನಾ ಕೇಂದ್ರದಲ್ಲಿ ದುಡಿದರು. ಕೊನೆಗಾಲದಲ್ಲಿ, ತಾನು ಮೊದಲು ಮಕ್ಕಳ ಡಾಕ್ಟರಾಗಿ ಕೆಲಸ ಮಾಡಿದ ಕೋಲ್ಕತ್ತದ ಇನ್‌ಸ್ಟಿಟ್ಯೂಟ್ ಆಫ್ ಚೈಲ್ಡ್ ಹೆಲ್ತ್‌ಗೆ 1 ಕೋಟಿ ರೂಪಾಯಿ ಕೊಟ್ಟರು. ಓಆರ್‌ಎಸ್‌ನಿಂದ ಉಳಿದ ಜೀವಗಳ ಲೆಕ್ಕ ಕೋಟಿಗಳಲ್ಲಿದೆ. ನಾನು ಬಾಗಲಕೋಟೆಯಲ್ಲಿ ಕಂಡದ್ದು ಆ ಒಂದು ಹುಡುಗಿಯನ್ನು, ನನಗೆ ಲೆಕ್ಕ ಶುರುವಾಗುವುದು ಅಲ್ಲಿಂದ.

ಆ ಕೇಂದ್ರದಲ್ಲಿ ನಾವು ಆಮೇಲೆ ಏನು ಮಾಡಿದೆವು ಅಂತ ಹೇಳಿ ಮುಗಿಸುತ್ತೇನೆ. ಪರಿಹಾರಕ್ಕೆ ಅಂತ ಬಂದ ಒಂದು ಲೀಟರಿನ ನೀರಿನ ಬಾಟಲಿಗಳು ಮೂಲೆಯಲ್ಲಿ ರಾಶಿ ಬಿದ್ದಿದ್ದವು. ಅದೇ ನಮ್ಮ ಅಳತೆಯಾಯಿತು. ಆಶಾ ಕಾರ್ಯಕರ್ತೆ ಮತ್ತು ಆ ಹುಡುಗಿಯ ತಾಯಿ ಇಬ್ಬರೂ ಸೇರಿ ಕೋಣೆ ಕೋಣೆಗೆ ಹೋದರು. ಒಂದು ಬಾಟಲಿ, ಒಂದು ಪೊಟ್ಟಣ, ಪೂರ್ತಿ ಸುರಿ, ಅಲ್ಲಾಡಿಸು, ನಾಳೆ ಇದೇ ಹೊತ್ತಿಗೆ ಉಳಿದದ್ದು ಚೆಲ್ಲು. ನಾನು ಬಾಗಿಲ ಹತ್ತಿರ ನಿಂತಿದ್ದೆ. ಒಬ್ಬ ಅಜ್ಜಿ, "ಅರ್ಧ ಪುಡಿ ಅರ್ಧ ಬಾಟ್ಲಿ ಮಾಡಿದ್ರ ನಡೀತದೇನು?" ಅಂತ ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಆ ತಾಯಿಯೇ ಹೇಳಿದರು, "ಬ್ಯಾಡಬೇ ಆಯಿ, ಪೂರ್ತಿನ ಹಾಕಬೇಕು. ಅರ್ಧ ಅಂತ ಕಣ್ಣಳತಿ ಮಾಡಿದ್ರ ನನ್ನಂಗ ಆಗ್ತದ."

ಇಲ್ಲಿ ಮೇಜಿನ ಮೇಲೆ ಬಾಟಲಿ, ಜಗ್ಗು, ಚಮಚ, ಉಪ್ಪು, ಸಕ್ಕರೆ ಎಲ್ಲಾ ಇಟ್ಟಿದ್ದೇನೆ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಚಮಚ ಗೋಪುರ ಆಗಬಾರದು, ಮೇಲೆ ಸವರಿ ಸಮ ಮಾಡಿ. ಒಬ್ಬೊಬ್ಬರಾಗಿ ಬನ್ನಿ. ಕಲಸಿ, ರುಚಿ ನೋಡಿ, ಕಣ್ಣೀರಿಗಿಂತ ಉಪ್ಪಾಗಿದ್ದರೆ ಚೆಲ್ಲಿ ಮತ್ತೆ ಮಾಡಿ. ಆಮೇಲೆ ನಿಮ್ಮ ಹಿಂದೆ ನಿಂತವರಿಗೆ ನೀವೇ ಹೇಳಿಕೊಡಿ. ನಾನು ಇಲ್ಲಿ ಕೂತಿರುತ್ತೇನೆ.